ಕೊಂದವರು ಯಾರು ಅಂತ ಗೊತ್ತಿದ್ದ ಮೇಲೆ

ಮಳೆ ಹಿಡಿದ ಮೂರು ತಿಂಗಳು ನಾವು ಕೆಲವರು ಸೇರಿ ದೆವ್ವದ ಕಾದಂಬರಿಗಳನ್ನೂ ಪತ್ತೇದಾರಿ ಕಾದಂಬರಿಗಳನ್ನೂ ಓದಿದೆವು. ಒಬ್ಬರು ಓದೋದು, ಮಿಕ್ಕವರು ಕೇಳೋದು. ಇಂಗ್ಲಿಷ್ ಪುಸ್ತಕವಾದರೆ ನಮ್ಮ ಪೈಕಿ ಇಂಗ್ಲಿಷ್ ಬಲ್ಲ ಮೇಷ್ಟ್ರು ಪುಟ ಪುಟಕ್ಕೂ ನಿಲ್ಲಿಸಿ ಕನ್ನಡದಲ್ಲಿ ಹೇಳೋರು. ಕೂಲಿ ಮುಗಿಸಿ ಬಂದವರು, ಹಾಸ್ಟೆಲಿನ ಹುಡುಗರು, ಹೊಲಿಗೆ ಕಲಿಯುವ ಇಬ್ಬರು ಹೆಣ್ಣುಮಕ್ಕಳು, ಸ್ಮಶಾನದಲ್ಲಿ ಗುಂಡಿ ತೋಡುವ ಒಬ್ಬ ತಾತ. ಇದು ನಮ್ಮ ವಿಮರ್ಶಕ ಮಂಡಳಿ. ಇವರು ಆಡಿದ ಮಾತುಗಳನ್ನೇ ಒಂದು ಕ್ರಮಕ್ಕೆ ತಂದು ಇಲ್ಲಿ ಬರೆದಿದ್ದೇವೆ.

'ಹೋರಾಟ ಮಾಡೋರಿಗೆ ದೆವ್ವ, ಕೊಲೆ, ಪತ್ತೇದಾರಿ ಯಾಕ್ರೀ ಬೇಕು? ಅದೆಲ್ಲ ಬಸ್ ಸ್ಟ್ಯಾಂಡ್ ಸಾಹಿತ್ಯ' ಅನ್ನುವವರಿದ್ದಾರೆ. ಅವರಿಗೆ ನಮ್ಮ ಮೊದಲ ಉತ್ತರ ಇದು: ನಮ್ಮ ಜನ ಬಸ್ ಸ್ಟ್ಯಾಂಡಿನಲ್ಲೇ ಇದ್ದಾರೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ಊರೇ ಹತ್ತಿ ಉರಿಯಿತು. ಅವರ ಮೇಲೆ ಮುರಕೊಂಡು ಬಿದ್ದ ಅದೇ ಪಂಡಿತ ವರ್ಗ ಪತ್ತೇದಾರಿ ಕಾದಂಬರಿಯನ್ನು ಮಾತ್ರ ಯಾವ ಅಂಜಿಕೆಯೂ ಇಲ್ಲದೆ ಬೂಸಾ ಅಂತ ಕರೆದು ಪಕ್ಕಕ್ಕಿಟ್ಟಿತ್ತು. ಯಾವುದು ಕಾಳು, ಯಾವುದು ಬೂಸಾ ಅಂತ ತೀರ್ಮಾನ ಮಾಡುವ ಮೊರ ಇಷ್ಟು ದಿನ ಯಾರ ಕೈಯಲ್ಲಿತ್ತು ಅನ್ನೋದನ್ನ ಕೇಳದೆ ವಿಮರ್ಶೆ ಶುರುವಾಗುವುದಿಲ್ಲ.

ಎನ್. ನರಸಿಂಹಯ್ಯನವರನ್ನೇ ತೆಗೆದುಕೊಳ್ಳಿ. ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು ಐನೂರಕ್ಕೂ ಮೇಲೆ ಕಾದಂಬರಿ. 2011ರಲ್ಲಿ ತೀರಿಕೊಂಡರು. ಅವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು, ಲಾಟೀನು ಬೆಳಕಲ್ಲಿ ಅಕ್ಷರ ಅಕ್ಷರ ಕೂಡಿಸಿ ಓದಿ, ಹಾಗೇ ಕನ್ನಡ ಓದಲಿಕ್ಕೆ ಕಲಿತ ಹೋಟೆಲ್ ಮಾಣಿಗಳು, ಲಾರಿ ಕ್ಲೀನರುಗಳು, ಬೀಡಿ ಕಟ್ಟುವವರು ಎಷ್ಟು ಜನ! ಸ್ಕೂಲು ಬಿಡಿಸಿದ ವ್ಯವಸ್ಥೆ ಒಂದು ಕಡೆ, ಸ್ಕೂಲು ಬಿಟ್ಟವನ ಕೈಗೆ ಪುಸ್ತಕ ಕೊಟ್ಟ ನರಸಿಂಹಯ್ಯ ಇನ್ನೊಂದು ಕಡೆ. ಅವರ ಕಾದಂಬರಿಗಳಲ್ಲಿ ಪೊಲೀಸರು ಸಾಮಾನ್ಯವಾಗಿ ಒಳ್ಳೆಯವರು, ಕಾನೂನು ಕೊನೆಗೆ ಗೆಲ್ಲುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ನಮ್ಮ ಅನುಭವ ಹಾಗಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇವೆ. ಆದರೆ ಒಂದು ಗುಣ ಅವುಗಳಲ್ಲಿದೆ. ಸಾವು ಸಂಭವಿಸಿದ ಮೇಲೆ 'ಹಣೆಬರಹ' ಅಂತ ಅತ್ತು ಸುಮ್ಮನಾಗಬೇಡ. ಯಾರು, ಯಾಕೆ, ಹೇಗೆ ಅಂತ ಕೇಳು, ಗುರುತು ಹುಡುಕು ಅನ್ನುತ್ತವೆ. ಕರ್ಮ ಸಿದ್ಧಾಂತದಲ್ಲಿ ಮುಳುಗಿದ ನಾಡಿಗೆ ಇದು ಸಣ್ಣ ಪಾಠ ಅಲ್ಲ.

ಇನ್ನು ದೆವ್ವದ ಕಡೆಗೆ ಬರೋಣ. ನಾವು ಓದಿದ್ದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'. ತೆಲುಗಿನಿಂದ ಬಂದು ಕನ್ನಡ ಮನೆಗಳಲ್ಲಿ ನಿದ್ದೆ ಕೆಡಿಸಿದ ಪುಸ್ತಕ. 1985ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಆಯಿತು. ಉಳ್ಳವರ ಮನೆಯ ತುಳಸಿ ಅನ್ನೋ ಮಗು. ಅದರ ಮೇಲೆ ಕಾಷ್ಮೋರ ಅನ್ನೋ ಮಾಟ. ಒಂದು ಕಡೆ ಡಾಕ್ಟರುಗಳು, ಇನ್ನೊಂದು ಕಡೆ ಮಂತ್ರವಾದಿಗಳು. ಓದಿಸಿಕೊಂಡು ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ನಮ್ಮ ಹಾಸ್ಟೆಲ್ ಹುಡುಗರು ಆ ರಾತ್ರಿ ಬಚ್ಚಲಿಗೆ ಒಬ್ಬೊಬ್ಬರೇ ಹೋಗಲಿಲ್ಲ.

ಆದರೆ ಈ ಬರವಣಿಗೆಯ ಜಾಣತನವನ್ನು ಬಿಡಿಸಿ ನೋಡಬೇಕು. ವಿಜ್ಞಾನವನ್ನೂ ಮಾಟವನ್ನೂ ಒಂದೇ ತಕ್ಕಡಿಯಲ್ಲಿ ಸಮಸಮವಾಗಿ ತೂಗಿಟ್ಟು, 'ಬೇಕಾದ್ದನ್ನು ನಂಬಿಕೊಳ್ಳಿ' ಅಂತ ಓದುಗನಿಗೆ ಬಿಡುವುದು ಆ ಜಾಣತನ. ಇದು ನಡುದಾರಿಯಂತೆ ಕಾಣುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರೇ ಇಲ್ಲದ ಊರಿನಲ್ಲಿ, ಕೈಗೆಟುಕುವುದು ಮಂತ್ರವಾದಿ ಒಬ್ಬನೇ ಆದ ಊರಿನಲ್ಲಿ, ಸಮ ತೂಕ ಅನ್ನೋದು ಮಂತ್ರವಾದಿಯ ಕಡೆಗೇ ವಾಲುತ್ತದೆ. ತೆಲುಗಿನಲ್ಲೇ ರಂಗನಾಯಕಮ್ಮನವರು ಈ ಕಾದಂಬರಿಯನ್ನು ಖಾರವಾಗಿ ಟೀಕಿಸಿದ್ದರು. ಕರ್ನಾಟಕದಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದ್ದರು. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಮಸೂದೆ ನಮ್ಮ ಶಾಸನಸಭೆಯಲ್ಲಿ ಪಾಸಾಗಲು 2017ರ ತನಕ ಕಾಯಬೇಕಾಯಿತು. ನಡುವೆ ಈ ಮಾತನ್ನಾಡಿದ ನರೇಂದ್ರ ದಾಭೋಲ್ಕರರನ್ನು 2013ರಲ್ಲಿ ಪುಣೆಯ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಮಾಟ ಜನರನ್ನು ಕೊಲ್ಲುತ್ತದೋ ಇಲ್ಲವೋ ಅನ್ನುವುದಕ್ಕೆ ಕಾದಂಬರಿಯಲ್ಲಿ ಎರಡು ಉತ್ತರ ಇರಬಹುದು. ಮಾಟ ಸುಳ್ಳು ಅಂದವರನ್ನು ಗುಂಡು ಕೊಲ್ಲುತ್ತದೆ ಅನ್ನುವುದಕ್ಕೆ ಒಂದೇ ಉತ್ತರ.

ಇನ್ನೊಂದು ಮಾತು. ದೆವ್ವದ ಕತೆಗಳಲ್ಲಿ ದೆವ್ವ ಎಲ್ಲಿರುತ್ತದೆ ನೋಡಿದ್ದೀರಾ? ಊರಾಚೆ. ಸ್ಮಶಾನದ ಪಕ್ಕ, ಹುಣಸೆಮರದ ಕೆಳಗೆ, ಹಾಳುಬಾವಿಯ ಹತ್ತಿರ. ಸರಿ, ಊರಾಚೆ ಇರೋರು ಯಾರು? ನಾವೇ. ನಮ್ಮ ಕೇರಿಯನ್ನು ತಂದು ಸ್ಮಶಾನಕ್ಕೆ ಅಂಟಿಸಿದವರೇ, ಆ ದಿಕ್ಕಿನಲ್ಲಿ ರಾತ್ರಿ ಓಡಾಡಬೇಡಿ ಅಂತ ಮಕ್ಕಳಿಗೆ ಹೇಳಿಕೊಡುತ್ತಾರೆ. ಗುಂಡಿ ತೋಡುವ ತಾತನನ್ನು ನಮ್ಮ ಹುಡುಗ ಒಬ್ಬ ಕೇಳಿದ: 'ತಾತ, ನಲವತ್ತು ವರ್ಷದಿಂದ ಸ್ಮಶಾನದಾಗಿದ್ದೀಯ, ಒಂದಾದ್ರೂ ದೆವ್ವ ಕಂಡಿದ್ದೀಯಾ?' ತಾತ ಬೀಡಿ ಹಚ್ಚಿಕೊಂಡು ಅಂದ: 'ಸತ್ತೋರು ಏನೂ ಮಾಡಲ್ಲ ಕಣ್ಲಾ ಮಗ. ಮಣ್ಣು ಮಾಡಿದ ಕೂಲಿ ಕೇಳಕ್ಕೆ ಬದುಕಿರೋರ ಮನೆ ಬಾಗಿಲಿಗೆ ಹೋಗ್ತೀನಲ್ಲ, ಆವಾಗ ಎದೆ ನಡುಗ್ತದೆ.' ಭಯದ ಸಾಹಿತ್ಯ ಬರೆಯುವವರು ಈ ನಡುಕದಿಂದ ಶುರು ಮಾಡಿದ್ದರೆ ಅದರ ಚರಿತ್ರೆಯೇ ಬೇರೆ ಆಗುತ್ತಿತ್ತು.

ಆ ನಡುಕದಿಂದ ಶುರು ಮಾಡಿದ ಒಬ್ಬ ಹೆಣ್ಣುಮಗಳು ಇದ್ದಳು. 1818ರಲ್ಲಿ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಅಚ್ಚಾಯಿತು. ಆಗ ಅವಳಿಗೆ ಇಪ್ಪತ್ತು ವರ್ಷ. ಫ್ರಾಂಕೆನ್‌ಸ್ಟೈನ್ ಅಂದರೆ ರಾಕ್ಷಸ ಅಂತ ಜನ ತಿಳಿದಿದ್ದಾರೆ. ಅಲ್ಲ, ಅದು ಅವನನ್ನು ಮಾಡಿದ ವಿದ್ಯಾವಂತನ ಹೆಸರು. ಮಾಡಲ್ಪಟ್ಟವನಿಗೆ ಹೆಸರೇ ಇಲ್ಲ. ಹುಟ್ಟಿಸಿದವನೇ ಅವನ ಮುಖ ನೋಡಿ ಓಡಿಹೋಗುತ್ತಾನೆ. ಆ ಅನಾಮಿಕ ಒಂದು ಬಡ ಸಂಸಾರದ ಮನೆಗೆ ಅಂಟಿದ ಗೂಡಿನಲ್ಲಿ ಅಡಗಿ, ಗೋಡೆಯ ಸಂದಿಯಿಂದ ಕಿವಿಗೊಟ್ಟು ಭಾಷೆ ಕಲಿಯುತ್ತಾನೆ. ಓದು ಕಲಿಯುತ್ತಾನೆ. ರಾತ್ರಿ ಹೊತ್ತು ಆ ಮನೆಯವರಿಗೆ ಗೊತ್ತಾಗದ ಹಾಗೆ ಸೌದೆ ತಂದು ಹಾಕುತ್ತಾನೆ. ಒಂದು ದಿನ ಧೈರ್ಯ ಮಾಡಿ ಒಳಗೆ ಹೋಗುತ್ತಾನೆ. ಮನೆಯಲ್ಲಿ ಕುರುಡು ಮುದುಕ ಒಬ್ಬನೇ. ಕಣ್ಣಿಲ್ಲದ ಅವನು ಮನುಷ್ಯನ ಜೊತೆ ಮಾತಾಡಿದ ಹಾಗೆ ಇವನ ಜೊತೆ ಮಾತಾಡುತ್ತಾನೆ. ಅಷ್ಟರಲ್ಲಿ ಕಣ್ಣಿದ್ದವರು ಬರುತ್ತಾರೆ. ಕೋಲು ತೆಗೆದುಕೊಂಡು ಬಡಿಯುತ್ತಾರೆ.

ಇದನ್ನು ಓದಿದಾಗ ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಸ್ಕೂಲಿನ ಕಿಟಕಿಯ ಹೊರಗೆ ನಿಂತು ಪಾಠ ಕೇಳಿದ ಅಜ್ಜಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಬೆವರಿನ ಸೌದೆಯಿಂದ ಒಲೆ ಉರಿಸಿಕೊಂಡವರು ಯಾರು, ಮುಖ ಕಂಡ ಕೂಡಲೇ ಕೋಲು ತೆಗೆದವರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ಎಚ್ಚರ: ಆ ಅನಾಮಿಕ ಆಮೇಲೆ ಕೊಲೆಗೆ ಇಳಿಯುತ್ತಾನೆ. ತಿರಸ್ಕಾರವೇ ಅವನನ್ನು ಹಾಗೆ ಮಾಡಿತು ಅಂತ ಮೇರಿ ಶೆಲ್ಲಿ ತೋರಿಸುತ್ತಾಳೆ. ಅವನಿಗೆ ಒಬ್ಬ ಜೊತೆಗಾರನೂ ಇರಲಿಲ್ಲ, ಒಂದು ಸಂಘಟನೆಯೂ ಇರಲಿಲ್ಲ. ಒಂಟಿ ಸಿಟ್ಟು ಏನಾಗುತ್ತದೆ ಅನ್ನೋದು ಅವನ ಕತೆ. ನಮಗೆ ಸಿಟ್ಟೂ ಇದೆ, ಜೊತೆಗಾರರೂ ಇದ್ದಾರೆ. ಈ ವ್ಯತ್ಯಾಸವನ್ನು ಮರೆಯಬಾರದು.

ಅದೇ ಪುಸ್ತಕದಲ್ಲಿ ಜಸ್ಟಿನ್ ಅಂತ ಒಬ್ಬ ಮನೆಗೆಲಸದ ಹುಡುಗಿ ಬರುತ್ತಾಳೆ. ಫ್ರಾಂಕೆನ್‌ಸ್ಟೈನ್‌ನ ಪುಟ್ಟ ತಮ್ಮನ ಕೊಲೆ ಆಗುತ್ತದೆ, ಆರೋಪ ಅವಳ ಮೇಲೆ ಬೀಳುತ್ತದೆ. ಪಾದ್ರಿ ಹೆದರಿಸಿ ತಪ್ಪೊಪ್ಪಿಗೆ ಹೇಳಿಸುತ್ತಾನೆ. ಅವಳನ್ನು ನೇಣಿಗೆ ಹಾಕುತ್ತಾರೆ. ಕೊಂದವನು ಯಾರು ಅಂತ ಫ್ರಾಂಕೆನ್‌ಸ್ಟೈನ್‌ಗೆ ಮನಸ್ಸಿನಲ್ಲಿ ಗೊತ್ತು. ಹೇಳಿದರೆ ಹುಚ್ಚ ಅಂತಾರೆ ಅಂತ ಬಾಯಿ ಮುಚ್ಚಿಕೊಂಡಿರುತ್ತಾನೆ. ಹೊಲಿಗೆ ಕಲಿಯುವ ಹುಡುಗಿ ಅಂದಳು: 'ಈ ಪುಸ್ತಕದಾಗೆ ನಂಗೆ ಭಯ ಆಗಿದ್ದು ಆ ದೆವ್ವಾಕಾರದೋನ್ನ ಕಂಡಲ್ಲ. ಓದ್ಕೊಂಡೋನು ಸುಮ್ಕಿದ್ನಲ್ಲ, ಅದ್ಕೆ.' ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಬರೆಯಲಾರೆವು.

ಈ ಮನೆಗೆಲಸದ ಹುಡುಗಿಯ ದಾರಿ ಹಿಡಿದೇ ನಾವು ಪತ್ತೇದಾರಿಗೆ ಬಂದೆವು. ವಿಲ್ಕಿ ಕಾಲಿನ್ಸ್ ಬರೆದ 'ದಿ ಮೂನ್‌ಸ್ಟೋನ್' 1868ರದು. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಹಿರಿಯಜ್ಜ ಅಂತಾರೆ. ಅದು ಶುರುವಾಗುವುದು ಎಲ್ಲಿ ಗೊತ್ತೇ? ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಟಿಪ್ಪುವಿನ ಕೋಟೆಯನ್ನು ಕಂಪನಿ ಸೈನ್ಯ ನುಗ್ಗಿ ಲೂಟಿ ಮಾಡಿದ ದಿನ ಒಬ್ಬ ಇಂಗ್ಲಿಷ್ ಅಧಿಕಾರಿ ಕಾವಲಿನವರನ್ನು ಕೊಂದು ವಜ್ರ ಕದಿಯುತ್ತಾನೆ. ಐವತ್ತು ವರ್ಷದ ಮೇಲೆ ಆ ವಜ್ರ ಇಂಗ್ಲೆಂಡಿನ ಒಂದು ದೊಡ್ಡ ಮನೆಯಿಂದ ಮಾಯವಾಗುತ್ತದೆ. ಆಗ ಎಲ್ಲರೂ 'ಕಳ್ಳ ಯಾರು, ಕಳ್ಳ ಯಾರು' ಅಂತ ಹುಡುಕುತ್ತಾರೆ. ಮೊದಲ ಕಳ್ಳತನ ಯಾವುದು ಅಂತ ಕಾಲಿನ್ಸ್ ಮುನ್ನುಡಿಯಲ್ಲೇ ಹೇಳಿಬಿಟ್ಟಿದ್ದಾನೆ ಅನ್ನುವುದು ಅವನ ದೊಡ್ಡತನ. ಇಡೀ ಸಾಮ್ರಾಜ್ಯವೇ ಕದ್ದ ಮಾಲು. ಅದರೊಳಗೆ ಸಣ್ಣ ಕಳ್ಳನಿಗಾಗಿ ಹುಡುಕಾಟ!

ಅಲ್ಲೂ ಅನುಮಾನ ಮೊದಲು ಬೀಳುವುದು ಆಳುಕಾಳುಗಳ ಮೇಲೆ. ಅದರಲ್ಲೂ ರೊಸಾನಾ ಅನ್ನುವ ಕೆಲಸದವಳ ಮೇಲೆ. ಹಿಂದೆ ಕಳ್ಳತನಕ್ಕೆ ಶಿಕ್ಷೆ ಅನುಭವಿಸಿದವಳು, ಭುಜ ಸೊಟ್ಟಗಾದವಳು, ಯಜಮಾನರ ಕಡೆಯ ಯುವಕನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡವಳು. ಅವನನ್ನು ಉಳಿಸಲು ಸಾಕ್ಷಿಯನ್ನು ಬಚ್ಚಿಟ್ಟು ಕೊನೆಗೆ ಸಮುದ್ರದಂಡೆಯ ಕುಸಿಯುವ ಮರಳಿನಲ್ಲಿ ಮುಳುಗಿ ಸಾಯುತ್ತಾಳೆ. ಅವಳ ಗೆಳತಿ, ಮೀನುಗಾರನ ಕುಂಟ ಮಗಳು, ಬಡವರು ಶ್ರೀಮಂತರ ಮೇಲೆ ತಿರುಗಿಬೀಳುವ ದಿನ ದೂರವಿಲ್ಲ ಅಂತ ಸಿಡಿಯುತ್ತಾಳೆ. ನಿಜವಾದ ಕಳ್ಳ ಯಾರು? ದಾನಧರ್ಮದ ಸಭೆಗಳಲ್ಲಿ ಭಾಷಣ ಮಾಡುವ ಗಣ್ಯ. ಗುಟ್ಟು ಬಿಡಿಸಲು ದಾರಿ ತೋರುವವನು ಯಾರು? ಮಿಶ್ರ ರಕ್ತದವನು ಅಂತ ಎಲ್ಲರೂ ದೂರ ಇಟ್ಟ ಡಾಕ್ಟರನ ಸಹಾಯಕ, ಎಜ್ರಾ ಜೆನಿಂಗ್ಸ್. ಇಷ್ಟೆಲ್ಲ ಕಂಡವನು ಕೊನೆಯಲ್ಲಿ ಮಾತ್ರ ಎಡವುತ್ತಾನೆ. ವಜ್ರ ದೇವರ ಹಣೆಗೆ ಮರಳಿತು, ಅದಕ್ಕಾಗಿ ಸಮುದ್ರ ದಾಟಿ ಜಾತಿ ಕಳಕೊಂಡ ಮೂವರು ಬ್ರಾಹ್ಮಣರ ತ್ಯಾಗ ಏನು ದೊಡ್ಡದು ಅಂತ ಕತೆಯನ್ನು ಭಕ್ತಿಯಲ್ಲಿ ಮುಗಿಸುತ್ತಾನೆ. ಜಾತಿ ಕಳಕೊಳ್ಳುವ ದುಃಖ ಅವನಿಗೆ ಕಂಡಿತು. ಜಾತಿಯನ್ನೇ ಹೊತ್ತು ಸಾಯುವವರ ದುಃಖ ಲಂಡನ್ನಿನಿಂದ ಕಾಣಲಿಲ್ಲ.

ಷರ್ಲಾಕ್ ಹೋಮ್ಸ್ ನಮ್ಮ ಹುಡುಗರಿಗೆ ಪ್ರಿಯ. ಬೂಟಿನ ಮಣ್ಣು ನೋಡಿ ಮನುಷ್ಯನ ಕಸುಬು ಹೇಳುವವನು. ಆದರೆ 1890ರ 'ದಿ ಸೈನ್ ಆಫ್ ಫೋರ್' ಓದಿ ನೋಡಿ. ಅಲ್ಲಿ ಅಂಡಮಾನಿನ ಟೊಂಗಾ ಬರುತ್ತಾನೆ. ಆ ಜನ ಕುರೂಪಿಗಳು, ಕ್ರೂರಿಗಳು, ನರಭಕ್ಷಕರು ಅಂತ ಹೋಮ್ಸ್ ಒಂದು ಗೆಜೆಟಿಯರ್ ತೆಗೆದು ಓದುತ್ತಾನೆ. ಮುಗಿಯಿತು. ಎಲ್ಲವನ್ನೂ ಅನುಮಾನಿಸುವ ಬುದ್ಧಿವಂತ ಸರ್ಕಾರಿ ಪುಸ್ತಕವನ್ನು ಅನುಮಾನಿಸುವುದಿಲ್ಲ. ಟೊಂಗಾನಿಗೆ ಒಂದು ಮಾತಾಡಲೂ ಬಿಡದೆ ಥೇಮ್ಸ್ ನದಿಯಲ್ಲಿ ಗುಂಡಿಟ್ಟು ಕೆಡವುತ್ತಾರೆ. ಇದೇ ಬುದ್ಧಿ ಇಲ್ಲಿ ಏನು ಮಾಡಿತ್ತು? 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ಇಡೀ ಇಡೀ ಬುಡಕಟ್ಟುಗಳನ್ನು ಹುಟ್ಟುಕಳ್ಳರು ಅಂತ ಪಟ್ಟಿ ಮಾಡಿತ್ತು. ಕೊರಚ, ಕೊರಮರಂಥ ನಮ್ಮ ಜನ ಆ ಪಟ್ಟಿಗೆ ಸಿಕ್ಕಿ ನರಳಿದರು. 1952ರಲ್ಲಿ ಆ ಕಾಯ್ದೆ ಹೋಯಿತು. ಊರಲ್ಲಿ ಕಳ್ಳತನವಾದರೆ ಮೊದಲು ಯಾವ ಹಟ್ಟಿಗೆ ಜೀಪು ಬರುತ್ತದೆ ಅಂತ ಕೇಳಿ ನೋಡಿ. ಕಾಗದದಿಂದ ಅಳಿಸಿದ್ದು ಮನಸ್ಸಿನಿಂದ ಅಳಿದಿಲ್ಲ.

ಇಷ್ಟು ಓದುವ ಹೊತ್ತಿಗೆ ನಮಗೊಂದು ವಿಷಯ ಹೊಳೆಯಿತು. ಪತ್ತೇದಾರಿ ಕಾದಂಬರಿಯಲ್ಲಿ ಮೊದಲ ಪುಟದಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ, ಕೊನೆಯ ಪುಟದಲ್ಲಿ ಎಲ್ಲರಿಗೂ ಎಲ್ಲ ಗೊತ್ತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಸಲ ಇದು ತಿರುಗುಮುರುಗು. ಮೊದಲ ದಿನ ಊರಿಗೆಲ್ಲ ಗೊತ್ತಿರುತ್ತದೆ. ಕೇಸು ಕೋರ್ಟಿನ ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ.

1968ರ ಡಿಸೆಂಬರ್ 25ರಂದು ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಗೆ ಕೇಳಿದ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 44 ಜನ ಸುಟ್ಟುಹೋದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟರೂ ಆಮೇಲೆ ಹೈಕೋರ್ಟು ಜಮೀನ್ದಾರರನ್ನು ಬಿಡುಗಡೆ ಮಾಡಿತು. ಕಾರು ಇಟ್ಟುಕೊಂಡ ದೊಡ್ಡ ಹಿಡುವಳಿದಾರರು ತಾವೇ ನಡೆದು ಬಂದು ಬೆಂಕಿ ಇಟ್ಟರು ಅಂದರೆ ನಂಬುವುದು ಕಷ್ಟ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿತ್ತು. ನೂರು ವರ್ಷ ಹಿಂದೆ ಕಾಲಿನ್ಸ್ ಕಾದಂಬರಿಯಲ್ಲಿ ಗಣ್ಯನೇ ಕಳ್ಳ ಅಂತ ತೋರಿಸಿಕೊಟ್ಟಿದ್ದ. ಕಾದಂಬರಿಕಾರನಿಗೆ ಸಾಧ್ಯವಾದ ಊಹೆ ನ್ಯಾಯಪೀಠಕ್ಕೆ ಆಗಲಿಲ್ಲ.

ನಮ್ಮ ಕಂಬಾಲಪಲ್ಲಿಗೆ ಬನ್ನಿ. 2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕು. ಮನೆಯೊಳಗಿದ್ದ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರೇ ತಿರುಗಿಕೊಂಡರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ತಮಗೆ ತಾವೇ ಬೆಂಕಿ ಹಚ್ಚಿಕೊಂಡು ಬಾಗಿಲು ಹಾಕಿಕೊಳ್ಳಲಿಲ್ಲ. ಹಾಗಾದರೆ ಕೊಂದವರು ಯಾರು? ಪುಸ್ತಕ ಮುಚ್ಚಿದ್ದಾರೆ, ಉತ್ತರದ ಪುಟ ಖಾಲಿ. ಇದಕ್ಕಿಂತ ಘೋರವಾದ ಭಯಾನಕ ಕಾದಂಬರಿ ಯಾವುದಿದೆ ಹೇಳಿ.

ಆದ್ದರಿಂದ ಉತ್ತರ ಕೊಟ್ಟು ಓದುಗನನ್ನು ಸಮಾಧಾನವಾಗಿ ಮಲಗಿಸುವ ಪತ್ತೇದಾರಿ ನಮಗೆ ಸಾಲದು. ಅಮೆರಿಕದ ಕಪ್ಪು ಜನರ ಲೇಖಕ ಚೆಸ್ಟರ್ ಹೈಮ್ಸ್ ದರೋಡೆಗಾಗಿ ಜೈಲು ಸೇರಿ, ಅಲ್ಲೇ ಬರೆಯಲು ಕಲಿತವನು. ಹಾರ್ಲೆಮಿನ ಇಬ್ಬರು ಕಪ್ಪು ಪತ್ತೇದಾರರನ್ನು ಇಟ್ಟುಕೊಂಡು ಕಾದಂಬರಿ ಬರೆದ. 1969ರ 'ಬ್ಲೈಂಡ್ ಮ್ಯಾನ್ ವಿತ್ ಎ ಪಿಸ್ಟಲ್'ನಲ್ಲಿ ಆ ಪತ್ತೇದಾರರು ಕೊಲೆಗಳ ಗುಟ್ಟು ಬಿಡಿಸುವುದೇ ಇಲ್ಲ. ಬಿಡಿಸಲು ಮೇಲಿನವರು ಬಿಡುವುದಿಲ್ಲ. ಎಲ್ಲ ಅಪರಾಧದ ಹಿಂದೆ ಒಂದು ದೊಡ್ಡ ಅಪರಾಧ ಕೂತಿದೆ, ಅದನ್ನು ಬಂಧಿಸಲು ವಾರಂಟ್ ಇಲ್ಲ ಅನ್ನೋದು ಆ ಪುಸ್ತಕದ ತಿರುಳು. ಓದಿ ಮುಗಿಸಿದಾಗ ನಮ್ಮ ಹುಡುಗರು 'ಮೋಸ, ಕೊನೆ ಪುಟ ಹರಿದಿದೆ' ಅಂದರು. ಹರಿದದ್ದು ಪುಸ್ತಕವಲ್ಲ.

ದೆವ್ವದ ಕತೆಗೂ ಹೀಗೊಂದು ದಾರಿ ಇದೆ. ಟೋನಿ ಮಾರಿಸನ್ನಳ 'ಬಿಲವೆಡ್' 1987ರದು. 1856ರಲ್ಲಿ ಮಾರ್ಗರೆಟ್ ಗಾರ್ನರ್ ಅನ್ನುವ ಗುಲಾಮ ತಾಯಿ ತಪ್ಪಿಸಿಕೊಂಡು ಓಹಾಯೋಗೆ ಓಡಿದಳು. ಹಿಡಿಯಲು ಬಂದಾಗ, ಮಗಳು ಮತ್ತೆ ಗುಲಾಮಳಾಗಬಾರದು ಅಂತ ತನ್ನ ಕೈಯಾರೆ ಕೊಂದಳು. ಆ ನಿಜ ಘಟನೆಯಿಂದ ಹುಟ್ಟಿದ ಕಾದಂಬರಿ ಇದು. ಸತ್ತ ಮಗು ಹೆಣ್ಣಾಗಿ ಬೆಳೆದು ಮನೆಗೆ ವಾಪಸ್ ಬರುತ್ತದೆ. ಇಲ್ಲಿ ದೆವ್ವ ಓದುಗನನ್ನು ಬೆಚ್ಚಿಬೀಳಿಸಲು ಬಂದದ್ದಲ್ಲ, ಲೆಕ್ಕ ಕೇಳಲು ಬಂದದ್ದು. ಅದನ್ನು ಬಿಡಿಸುವುದು ಯಾವ ಪೂಜಾರಿಯೂ ಅಲ್ಲ. ಅಷ್ಟು ವರ್ಷ ಆ ಮನೆಯನ್ನು ದೂರ ಇಟ್ಟಿದ್ದ ಕೇರಿಯ ಹೆಂಗಸರೇ ಒಟ್ಟಾಗಿ ಬಾಗಿಲಿಗೆ ಬಂದು ಹಾಡುತ್ತಾರೆ. ತುಳಸಿದಳದ ಮಂತ್ರವಾದಿಗೂ ಈ ಹೆಂಗಸರಿಗೂ ಇರುವ ಅಂತರವೇ ವ್ಯಾಪಾರಕ್ಕೂ ಸಾಹಿತ್ಯಕ್ಕೂ ಇರುವ ಅಂತರ.

ಕನ್ನಡದಲ್ಲಿ ಇಂಥದ್ದು ಇಲ್ಲವೇ? ಇದೆ. ತೇಜಸ್ವಿಯವರ 'ಚಿದಂಬರ ರಹಸ್ಯ' ಏಲಕ್ಕಿ ಸಂಶೋಧನಾ ಕೇಂದ್ರದ ಒಂದು ಅನುಮಾನದ ಸಾವಿನಿಂದ ಹೊರಟು, ಜಾತಿ ಮತಗಳ ಜಗಳದಲ್ಲಿ ಕುದಿಯುವ ಊರನ್ನೇ ಬಿಚ್ಚಿಡುತ್ತದೆ. ಹುಡುಕಾಟ ಮುಗಿಯುವ ಮೊದಲೇ ಬೆಂಕಿ ಎಲ್ಲವನ್ನೂ ಮುಟ್ಟುತ್ತದೆ. ದೇವನೂರರ 'ಕುಸುಮಬಾಲೆ'ಯನ್ನು ಯಾರೂ ಪತ್ತೇದಾರಿ ಅನ್ನುವುದಿಲ್ಲ. ಆದರೆ ಅದರ ನಡುವೆ ಒಂದು ಕೊಲೆ ಇದೆ. ಮೇಲಿನ ಮನೆಯ ಹೆಣ್ಣನ್ನು ಪ್ರೀತಿಸಿದ ದಲಿತ ಹುಡುಗ ಚೆನ್ನನ ಕೊಲೆ. ಅಲ್ಲಿ ರಾತ್ರಿ ಸೇರಿ ಮಾತಾಡಿಕೊಳ್ಳುವವು ದೀಪದ ಜೋತಮ್ಮಗಳು. ಮನುಷ್ಯರು ಬಾಯಿ ಬಿಡದ ಊರಿನಲ್ಲಿ ದೀಪಗಳೇ ಸಾಕ್ಷಿ ಹೇಳಬೇಕಾಯಿತು. ನಮ್ಮ ಅಭಿಪ್ರಾಯದಲ್ಲಿ ಕನ್ನಡದ ಅತಿ ದೊಡ್ಡ ಕೊಲೆಯ ಕತೆಯೂ ಅದೇ, ಅತಿ ದೊಡ್ಡ ದೆವ್ವದ ಕತೆಯೂ ಅದೇ.

ಹಳ್ಳಿ ಮೇಷ್ಟ್ರುಗಳಿಗೆ, ಹಾಸ್ಟೆಲ್ ಗೆಳೆಯರಿಗೆ ನಮ್ಮ ಕೋರಿಕೆ ಇಷ್ಟು. ಹುಡುಗರ ಕೈಯಿಂದ ಪತ್ತೇದಾರಿ ಪುಸ್ತಕ ಕಿತ್ತುಕೊಳ್ಳಬೇಡಿ. ಓದಲಿ. ಓದಿದ ಮೇಲೆ ಮೂರು ಪ್ರಶ್ನೆ ಕೇಳಿ: ಅನುಮಾನ ಮೊದಲು ಯಾರ ಮೇಲೆ ಬಿತ್ತು? ದೆವ್ವ ಯಾವ ದಿಕ್ಕಿನಿಂದ ಬಂತು? ಗೊತ್ತಿದ್ದೂ ಸುಮ್ಮನಿದ್ದವರು ಯಾರು? ಈ ಪ್ರಶ್ನೆ ಕೇಳಲು ಕಲಿತ ಹುಡುಗ ನಾಳೆ ಎಫ್.ಐ.ಆರ್. ಓದಬಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಯಾವ ಕಲಂ ಹಾಕಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಅಂತ ಠಾಣೆಯಲ್ಲಿ ನಿಂತು ಕೇಳಬಲ್ಲ. ಸಾಕ್ಷಿ ಹೇಳಿದವನ ಮನೆ ಮುಂದೆ ರಾತ್ರಿ ಕಾವಲು ಕೂರಬಲ್ಲ. ನಿಜವಾದ ಪತ್ತೇದಾರಿಕೆ ಅಂದರೆ ಸಾಕ್ಷಿಯನ್ನು ಕಂಡುಹಿಡಿಯುವುದಷ್ಟೇ ಅಲ್ಲ, ಸಾಕ್ಷಿ ಹೇಳಿದವನು ಬದುಕುವ ಹಾಗೆ ನೋಡಿಕೊಳ್ಳುವುದು.

ಬರೆಯುವ ಗೆಳೆಯರಿಗೂ ಒಂದು ಮಾತು. ನಮಗೆ ನಮ್ಮದೇ ಪತ್ತೇದಾರಿ ಕಾದಂಬರಿ ಬೇಕು. ಬಸ್ ಸ್ಟ್ಯಾಂಡಿನಲ್ಲಿ ಸಿಗುವಂಥದ್ದು, ಲಾರಿ ಕ್ಲೀನರ್ ಕೂಡ ಕೆಳಗಿಡದೆ ಓದುವಂಥದ್ದು. ಅದರಲ್ಲಿ ಕೊಂದವರು ಯಾರು ಅಂತ ಮೊದಲ ಪುಟದಲ್ಲೇ ಹೇಳಿಬಿಡಿ. ಗೊತ್ತಿದ್ದ ಒಂದು ಊರು ಬಾಯಿ ಕಟ್ಟಿಕೊಂಡದ್ದು ಹೇಗೆ ಅನ್ನುವುದನ್ನು ಒಂದೊಂದೇ ಮನೆ, ಒಂದೊಂದೇ ಬಾಗಿಲು ತಟ್ಟಿ ಪತ್ತೆ ಮಾಡಿ.

ಕೊನೆಯ ರಾತ್ರಿ ಓದು ಮುಗಿದ ಮೇಲೆ ತಾತ ಎದ್ದು ಕಂಬಳಿ ಕೊಡವಿಕೊಂಡ. 'ಈ ಪುಸ್ತಕದೋರೆಲ್ಲ ಹೆಣ ಕಂಡ ಮ್ಯಾಲೆ ಕತೆ ಶುರು ಮಾಡ್ತಾರೆ ಕಣ್ರಪ್ಪ' ಅಂದ. 'ಹೆಣ ಬೀಳೋಕೆ ಮುಂಚೆ ಶುರು ಆಗೋ ಕತೆ ಯಾರಾದ್ರೂ ಬರೀರಿ, ನಂಗೂ ಗುಂಡಿ ತೋಡೋ ಕೆಲ್ಸ ಒಸಿ ಕಮ್ಮಿ ಆಗ್ಲಿ.'